ಹಿಂದಿನ ಚಕ್ರಕ್ಕೆ ಸ್ಪ್ರಿಂಗು ಬಂದ ಮಳೆಗಾಲ

ಮೊನ್ನೆ ಹಾಸನದ ಸಂತೆಪೇಟೆಯಲ್ಲಿ ಒಂದು ಕುಲುಮೆಯ ಮುಂದೆ ಹಾದುಹೋಗುತ್ತಿದ್ದೆ. ಒಳಗೆ ಯಾರೋ ಕೆಂಪಗೆ ಕಾದ ಕಬ್ಬಿಣವನ್ನು ಹೊಂಗೆ ಎಣ್ಣೆಗೆ ಅದ್ದಿದರು. ಚುಂಯ್ ಎಂದು ಹೊಗೆ ಎದ್ದು ಆ ಕಮಟು ವಾಸನೆ ರಸ್ತೆಗೆ ಬಂತು. ಮೂಗು ಮುಚ್ಚಿಕೊಂಡು ಮುಂದೆ ಹೋಗಬೇಕಾದಂಥ ವಾಸನೆ. ನಾನು ಮಾತ್ರ ನಿಂತೇಬಿಟ್ಟೆ. ಜೊತೆಗಿದ್ದ ಮೊಮ್ಮಗಳು ಗಾಬರಿಯಿಂದ, "ಯಾಕಜ್ಜಿ, ತಲೆ ಸುತ್ತುತ್ತಾ?" ಎಂದು ಕೈ ಹಿಡಿದುಕೊಂಡಳು. ತಲೆ ಸುತ್ತುತ್ತಿರಲಿಲ್ಲ. ಯುದ್ಧ ಮುಗಿದ ಮರುವರ್ಷದ ಮುಂಗಾರು, ಹೊಳೆನರಸೀಪುರದ ವೀರಾಚಾರಿಯ ಕುಲುಮೆ, ಅಲ್ಲಿ ಬಿಚ್ಚಿ ಮಲಗಿಸಿದ್ದ ನಮ್ಮ ಫಟಫಟಿ ಮೋಟಾರ್ ಸೈಕಲ್ಲು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು ನಿಂತಿದ್ದವು.

ಆಗ ನಾನು ಅರಕಲಗೂಡಿನ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದು ಎರಡು ವರ್ಷವಾಗಿತ್ತು, ಮದುವೆಯಾಗಿ ಒಂದು ವರ್ಷ. ಯಜಮಾನರದು ಕಾಳುಕಡ್ಡಿ ವ್ಯಾಪಾರ. ಸೊಸೆ ಊರೂರು ತಿರುಗುವ ಕೆಲಸ ಮಾಡುವುದನ್ನು ನೆಂಟರೆಲ್ಲ ಆಡಿಕೊಂಡರೂ, ಅತ್ತೆ ನಂಜಮ್ಮನವರು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದ್ದರು. "ನನ್ನ ಎರಡು ಕೂಸು ಕಣ್ಣು ಬಿಡೋಕ್ ಮುಂಚೆನೇ ಹೋದೋ. ಅವಾಗ ಇಂಥೋಳೊಬ್ಳು ಇದ್ದಿದ್ರೆ ಉಳೀತಿದ್ವೇನೋ. ಅವಳು ಹೋಗ್ಲಿ ಬಿಡ್ರಿ," ಎಂದಿದ್ದರು.

ಹಳ್ಳಿಗಳಿಂದ ಕರೆ ಬಂದರೆ ಎತ್ತಿನ ಗಾಡಿಯಲ್ಲಿ ಹೋಗಬೇಕಿತ್ತು. ಎಷ್ಟೋ ಸಲ ನಾನು ತಲುಪುವಷ್ಟರಲ್ಲಿ ಮಗು ಹುಟ್ಟಿರುತ್ತಿತ್ತು, ಇಲ್ಲವೇ ಹೋಗಿರುತ್ತಿತ್ತು. ಒಂದು ದಿನ ಹಾಗೇ ಬರಿಗೈಯಲ್ಲಿ ವಾಪಸು ಬಂದು ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.  ಮುಂದಿನ ವಾರ ಸಕಲೇಶಪುರದ ಕಡೆಗೆ ಹೋದ ಯಜಮಾನರು ಬರುವಾಗ ಫಟಫಟಿ ಮೇಲೆ ಬಂದರು. ತನ್ನ ದೇಶಕ್ಕೆ ಹೊರಟು ನಿಂತಿದ್ದ ಕಾಫಿ ತೋಟದ ದೊರೆಯೊಬ್ಬನಿಂದ ಕೊಂಡಿದ್ದರು. ಯುದ್ಧಕ್ಕೂ ಎಷ್ಟೋ ಮೊದಲಿನ ವಿಲಾಯತಿ ಗಾಡಿ. ಬಣ್ಣವೆಲ್ಲ ಹೋಗಿತ್ತು, ಎಂಜಿನ್ನು ಮಾತ್ರ ಗಟ್ಟಿಯಾಗಿತ್ತು. ಬೀದಿಯವರೆಲ್ಲ ನೋಡುತ್ತಿರುವಾಗಲೇ, "ಇನ್ಮೇಲೆ ನೀನು ತಡವಾಗಿ ಹೋಗೋ ಹಂಗಿಲ್ಲ ಕಣೇ ಪಾರ್ವತಿ," ಎಂದರು. ಮನೆಯೊಳಗೆ ಓಡಿಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ನಾಚಿಕೆಯೋ ಸಂತೋಷವೋ, ಆ ಹೊತ್ತಿಗೆ ತಿಳಿಯಲಿಲ್ಲ.

ಪೆಟ್ರೋಲು ರೇಷನ್ ಚೀಟಿಗೆ ಸಿಗುತ್ತಿದ್ದ ಕಾಲ. ಅವರು ಅದನ್ನು ನನ್ನ ಹೆರಿಗೆಗಳಿಗೆಂದೇ ಎತ್ತಿಡುತ್ತಿದ್ದರು. ತೊಂದರೆ ಇದ್ದದ್ದು ಬೇರೆ ಕಡೆ. ಆ ಗಾಡಿಯ ಮುಂದಿನ ಚಕ್ರಕ್ಕೆ ಸ್ಪ್ರಿಂಗಿತ್ತು, ಓಡಿಸುವವನ ಸೀಟಿನ ಕೆಳಗೂ ಸ್ಪ್ರಿಂಗಿತ್ತು. ಹಿಂದಿನ ಚಕ್ರ ಮಾತ್ರ ಕಬ್ಬಿಣದ ಚೌಕಟ್ಟಿಗೆ ನೇರವಾಗಿ ಬಿಗಿದ ಚಕ್ರ. ಅದರ ಮೇಲೊಂದು ಕ್ಯಾರಿಯರ್, ಕ್ಯಾರಿಯರ್ ಮೇಲೆ ಮಡಿಸಿದ ಗೋಣಿಚೀಲ, ಗೋಣಿಚೀಲದ ಮೇಲೆ ನಾನು, ನನ್ನ ತೊಡೆಯ ಮೇಲೆ ಔಷಧಿ ಪೆಟ್ಟಿಗೆ. ಗಾಡಿ ಜಾಡಿನ ಆ ರಸ್ತೆಗಳಲ್ಲಿ ಒಂದೊಂದು ಕಲ್ಲೂ ಬೆನ್ನುಮೂಳೆ ಹತ್ತಿ ತಲೆಯಲ್ಲಿ ಸಿಡಿಯುತ್ತಿತ್ತು.

ರೋಹಿಣಿ ಮಳೆಯಲ್ಲಿ ಮಲ್ಲಿಪಟ್ಟಣದಾಚೆಯ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿಯ ಸೂಲಗಿತ್ತಿ ಕೆಂಚಮ್ಮ ಸುತ್ತಲ ಹಳ್ಳಿಗಳ ಮಕ್ಕಳನ್ನೆಲ್ಲ ತನ್ನ ಕೈಯಲ್ಲೇ ಎತ್ತಿದ ಹೆಂಗಸು. ಪೇಟೆಯಿಂದ ಬರುವ ನರ್ಸಮ್ಮ ಎಂದರೆ ಅವಳಿಗೆ ಅಷ್ಟಕ್ಕಷ್ಟೆ. ನಾವು ಹೋಗಿ ಇಳಿದಾಗ ಪೆಟ್ಟಿಗೆಯೊಳಗೆ ಕ್ರಿಮಿ ಕೊಲ್ಲುವ ಕಾರ್ಬಾಲಿಕ್ ಸೀಸೆ ಒಡೆದು ವಾಸನೆ ಗಮ್ಮೆನ್ನುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ನನ್ನ ಕೈಗಳು. ಅಷ್ಟು ದೂರ ಆ ಕ್ಯಾರಿಯರನ್ನು ಬಿಗಿಯಾಗಿ ಹಿಡಿದು ಬಂದ ಕೈಗಳು ಜೋಮು ಹಿಡಿದು ನಡುಗುತ್ತಿದ್ದವು. ಹೊಕ್ಕುಳು ಕಟ್ಟುವ ದಾರ ಕೈಯಲ್ಲಿ ನಿಲ್ಲಲೊಲ್ಲದು. ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನವ್ವ ನರ್ಸಮ್ಮ, ಎರಿಗೆ ಆಗ್ಬೇಕಿರೋದು ನಮ್ ಉಡ್ಗೀಗೆ. ನಡುಗ್ತಿರೋಳು ನೀನು!"

ಕೋಣೆಯಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಬೇನೆ ತಿನ್ನುತ್ತಿದ್ದವಳೂ ನಕ್ಕಳು. ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ನಾನು ಮೂಲೆಯಲ್ಲಿ ಕೂತೆ. ಆ ಮಗುವನ್ನು ಕೆಂಚಮ್ಮನೇ ಎತ್ತಿದಳು. ಎಲ್ಲ ಚೆನ್ನಾಗಿ ಆಯಿತು, ಅದು ಬೇರೆ ಮಾತು. ಕಷ್ಟದ ಹೆರಿಗೆಯಾಗಿದ್ದರೆ ಈ ಕೈಗಳಿಂದ ಏನು ಮಾಡುತ್ತಿದ್ದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಮನೆಗೆ ಬಂದವಳೇ ಹೇಳಿದೆ. "ನೋಡ್ರಿ, ನಾನಿನ್ನು ಇದರ ಮೇಲೆ ಕೂರಲ್ಲ. ತಡವಾಗಿ ಹೋದ್ರೂ ಕೈ ನೆಟ್ಟಗಿರಬೇಕು. ಎತ್ತಿನ ಗಾಡೀಲೇ ಹೋಗ್ತೀನಿ."

ಅವರ ಮುಖ ಸಣ್ಣದಾಯಿತು. ಆದರೆ ಕೈಕಟ್ಟಿ ಕೂರುವ ಮನುಷ್ಯ ಅವರಲ್ಲ. ಮೊದಲು ಹತ್ತಿಯ ದಿಂಬು ಕಟ್ಟಿ ನೋಡಿದರು. ಆಮೇಲೆ ಲಾರಿಯ ಚಕ್ರದ ಟ್ಯೂಬಿಗೆ ಗಾಳಿ ತುಂಬಿ ಕ್ಯಾರಿಯರಿಗೆ ಬಿಗಿದರು. ಮೃಗಶಿರಾ ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ, "ಒಂದೇ ಒಂದು ಸಲ ಕೂತು ನೋಡೇ, ರಾಣಿ ಪಲ್ಲಕ್ಕೀಲಿ ಕೂತಂಗಿರುತ್ತೆ," ಎಂದು ಪುಸಲಾಯಿಸಿದರು. ಊರಾಚೆಯ ಮೊದಲ ಹಳ್ಳದಲ್ಲಿ ಟ್ಯೂಬು ನನ್ನನ್ನು ಚೆಂಡಿನಂತೆ ಎತ್ತಿ ಪಕ್ಕದ ಆಲೂಗಡ್ಡೆ ಹೊಲಕ್ಕೆ ಹಾಕಿತು. ಹಸಿ ಮಣ್ಣಾದ್ದರಿಂದ ಪೆಟ್ಟಾಗಲಿಲ್ಲ. ನಾನಿಲ್ಲದ್ದು ಅವರಿಗೆ ಗೊತ್ತಾಗಿದ್ದು ಒಂದು ಫರ್ಲಾಂಗು ಮುಂದೆ ಹೋದ ಮೇಲೆ.

ಹೊಳೆನರಸೀಪುರದಲ್ಲಿ ವೀರಾಚಾರಿ ಎಂಬ ಕಮ್ಮಾರನಿದ್ದಾನೆ, ಗಾಡಿ ಅಚ್ಚಿನಿಂದ ಹಿಡಿದು ಬಸ್ಸಿನ ಸ್ಪ್ರಿಂಗ್ ಪಟ್ಟೆ ತನಕ ಯಾವುದನ್ನಾದರೂ ಸರಿಮಾಡುತ್ತಾನೆ ಎಂದು ಯಜಮಾನರ ಧಾನ್ಯದ ಮಂಡಿಗೆ ಬಂದವರೊಬ್ಬರು ಹೇಳಿದರು. ಆರಿದ್ರಾ ಮಳೆ ಅರ್ಧ ಕಳೆದಿದ್ದಾಗ ಯಜಮಾನರು ಅಲ್ಲಿಗೆ ಹೊರಟರು. ನಾನೂ ಅತ್ತೆಯೂ ಬಸ್ಸಿನಲ್ಲಿ ಹೋದೆವು. ಅಲ್ಲಿ ನಮ್ಮ ನೆಂಟರ ಮನೆಯಿತ್ತು, ನನಗೆ ಹದಿನೈದು ದಿನ ರಜೆಯೂ ಸಿಕ್ಕಿತ್ತು. ರಜೆ ಮುಗಿಯುವುದರೊಳಗೆ ಸರಿಹೋಗದಿದ್ದರೆ ಫಟಫಟಿಯನ್ನು ಮಾರಿಬಿಡುವುದೆಂದು ಅವರೇ ಮಾತು ಕೊಟ್ಟಿದ್ದರು.

ವೀರಾಚಾರಿಗೆ ಐವತ್ತು ದಾಟಿತ್ತು. ಹುಬ್ಬೆಲ್ಲ ಬೆಂಕಿಗೆ ಸುಟ್ಟುಹೋಗಿ, ಯಾವಾಗಲೂ ಆಶ್ಚರ್ಯಪಟ್ಟವನಂತೆ ಕಾಣುತ್ತಿದ್ದ. ಫಟಫಟಿಯ ಸುತ್ತ ಎರಡು ಸುತ್ತು ಬಂದು, ದಿಂಬು, ಟ್ಯೂಬುಗಳ ಕಥೆ ಕೇಳಿ, ತಲೆ ಅಲ್ಲಾಡಿಸಿದ.

"ಸಾವ್ಕಾರ್ರೆ, ನೋವಿರೋದು ಚಕ್ರದಾಗೆ. ನೀವು ಕುಂಡಿಗೆ ಔಸ್ತಿ ಅಚ್ತಾ ಇದೀರಿ." ಆಮೇಲೆ ನಾನಿರುವುದು ಕಂಡು ನಾಲಿಗೆ ಕಚ್ಚಿಕೊಂಡು, "ತಪ್ಪು ತಿಳೀಬ್ಯಾಡಿ ತಾಯಿ," ಎಂದ. ನನಗೆ ನಗು ತಡೆಯಲಾಗಲಿಲ್ಲ.

"ಚಕ್ರ ಗುಂಡೀಗಿಳೀಬೇಕು, ಮೇಲ್ ಕುಂತೋರಿಗೆ ಗೊತ್ತಾಗ್ಬಾರ್ದು. ಇವ್ರು ಅಚ್ಚನ್ನ ಇಸುಕಿ ಕಟ್ಟಾಕವ್ರೆ. ಅದಕ್ಕೆ ಆಡಾಕೆ ಜಾಗ ಕೊಡವಾ," ಎಂದು ನೆಲದ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದ. ಅಚ್ಚಿನ ಎರಡು ತುದಿಗೂ ಒಂದೊಂದು ನೆಟ್ಟನೆಯ ಸರಳು. ಬಾವಿಯಲ್ಲಿ ಕೊಡ ಏರಿ ಇಳಿಯುವಂತೆ ಅಚ್ಚು ಆ ಸರಳುಗಳ ಮೇಲೆ ಏರಿ ಇಳಿಯಬೇಕು. ಅಚ್ಚಿನ ಮೇಲ್ಗಡೆ ಸರಳಿಗೆ ಸುತ್ತಿಕೊಂಡಂತೆ ಸ್ಪ್ರಿಂಗು. ಕಲ್ಲಿನ ಪೆಟ್ಟನ್ನು ಸ್ಪ್ರಿಂಗು ತಿನ್ನಬೇಕು.

ಇಷ್ಟಾಗಬೇಕಾದರೆ ಮೊದಲು ಚೌಕಟ್ಟಿನ ಹಿಂಭಾಗವನ್ನು ಕತ್ತರಿಸಬೇಕಿತ್ತು. ಗರಗಸ ಕಬ್ಬಿಣಕ್ಕೆ ಬಿದ್ದಾಗ ಯಜಮಾನರು ಮುಖ ತಿರುಗಿಸಿ ಹೇಮಾವತಿಯ ಕಡೆಗೆ ನಡೆದುಬಿಟ್ಟರು. ಚೊಚ್ಚಲ ಹೆರಿಗೆಯಲ್ಲಿ ಗಂಡಂದಿರು ಹೀಗೇ ಹೊಳೆ ಕಡೆ ಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕತ್ತರಿಸಿದ ಚೌಕಟ್ಟನ್ನು ಬಸ್ಸಿನ ಮೇಲೆ ಹಾಕಿಕೊಂಡು ಹಾಸನಕ್ಕೆ ಹೋಗಿ, ಗ್ಯಾಸಿನಲ್ಲಿ ಬೆಸುಗೆ ಹಾಕಿಸಿಕೊಂಡು ಬಂದರು. ಸ್ಪ್ರಿಂಗು ಸಿಕ್ಕಿದ್ದು ಊರಿನ ಅಕ್ಕಿ ಗಿರಣಿಯ ಹಿತ್ತಿಲಲ್ಲಿ, ಕೆಟ್ಟು ಬಿದ್ದಿದ್ದ ಹಳೆಯ ಆಯಿಲ್ ಎಂಜಿನ್ನಿನಲ್ಲಿ. ವೀರಾಚಾರಿ ಅವನ್ನು ಬೇಕಾದಷ್ಟು ಉದ್ದಕ್ಕೆ ತುಂಡರಿಸಿ, ಕೆಂಪಗೆ ಕಾಯಿಸಿ, ಹೊಂಗೆ ಎಣ್ಣೆಯ ಬಾನಿಗೆ ಅದ್ದುತ್ತಿದ್ದ. ಮತ್ತೆ ಸಣ್ಣ ಉರಿಯಲ್ಲಿಟ್ಟು, ಮೈಮೇಲೆ ನೇರಳೆ ಬಣ್ಣ ಓಡಿದ ತಕ್ಷಣ ತೆಗೆಯುತ್ತಿದ್ದ. ಒಂದು ಗಳಿಗೆ ತಪ್ಪಿದರೂ ಗಾಜಿನ ಹಾಗೆ ಒಡೆಯುತ್ತದೆಯಂತೆ. ಮೂರು ಒಡೆದವು. ನಾಲ್ಕನೆಯದೂ ಐದನೆಯದೂ ಹದಕ್ಕೆ ಬಂದವು. ಸ್ಪ್ರಿಂಗು ಹದ ಮಾಡಿದ ಆ ನಾಲ್ಕು ದಿನ ನಾನು ಕುಲುಮೆ ಬಿಟ್ಟು ಕದಲಲಿಲ್ಲ. ಮನೆಗೆ ಹೋದರೆ ನೆಂಟರು, "ಏನಮ್ಮ, ಸೀರೆಯೆಲ್ಲ ಎಣ್ಣೆ ವಾಸನೆ!" ಎಂದು ಮೂಗು ಮುರಿಯುತ್ತಿದ್ದರು.

ಜೋಡಿಸಿದ್ದಾಯಿತು. ಇನ್ನು ಪರೀಕ್ಷೆ. ನಾನು ಕೂರಲು ಹೊರಟರೆ ವೀರಾಚಾರಿ ಬೇಡವೆಂದ.

"ತಾಯಿ, ನೀವು ಅಗೂರ. ತೂಕದೋರು ಕುಂತ್ರೆ ಸ್ಪ್ರಿಂಗಿನ ಯೋಗ್ತೆ ತಿಳೀತದೆ."

ಎಲ್ಲರ ಕಣ್ಣೂ ಅತ್ತೆಯ ಕಡೆ ತಿರುಗಿತು. ಅತ್ತೆ ಒಳ್ಳೆ ಮೈಕೈ ತುಂಬಿದ ಆಳು. ಅವರು ಕೋಪಿಸಿಕೊಳ್ಳುತ್ತಾರೆಂದು ನಾನು ಹೆದರಿದೆ. ಅವರು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. "ಒಂದು ತಂಬಿಗೆ ಮಜ್ಜಿಗೆ ತಾರೇ ಪಾರ್ವತಿ. ಚೆಲ್ಲಿದ್ರೆ ತಾನೇ ಕುಲುಕು ಗೊತ್ತಾಗೋದು?" ಎಂದರು. ಅವರಿಗಿಂತ ಒಳ್ಳೆಯ ಇಂಜಿನಿಯರು ಆ ದಿನ ಅಲ್ಲಿರಲಿಲ್ಲ.

ಮೊದಲ ಸಲ ಹೊಳೆಯ ದಂಡೆಯ ರಸ್ತೆಯಲ್ಲಿ ನೂರು ಗಜ ಹೋಗಿರಬೇಕು. ಗುಂಡಿಗೆ ಚಕ್ರ ಮೆತ್ತಗೆ ಇಳಿಯಿತು. ಆದರೆ ಮೇಲೇಳುವಾಗ ಸ್ಪ್ರಿಂಗು ಕವಣೆಯ ಹಾಗೆ ಚಿಮ್ಮಿತು, ಅಚ್ಚು ಸರಳಿನ ಕೆಳತುದಿಗೆ ಠಣ್ಣೆಂದು ಬಡಿಯಿತು. ಅತ್ತೆ ಬೀಳಲಿಲ್ಲ. ಮಜ್ಜಿಗೆ ಮಾತ್ರ ತಂಬಿಗೆಯಿಂದ ಎದ್ದು ಅವರ ತಲೆಯ ಮೇಲೆ ಇಳಿಯಿತು. ಮುಖದಿಂದ ಕರಿಬೇವು ತೆಗೆಯುತ್ತ, "ಆಚಾರ್ರೇ, ಹೋಗೋವಾಗ ಚೆನ್ನಾಗೈತೆ. ಬರೋವಾಗ ಬುದ್ಧಿ ಇಲ್ಲ ಇದಕ್ಕೆ," ಎಂದರು.

ವೀರಾಚಾರಿ ಬೀಡಿ ಹಚ್ಚಿ, ಅಚ್ಚನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ ನೋಡಿದ. ಆಮೇಲೆ ತೊಡೆ ತಟ್ಟಿ ಎದ್ದ. "ಅಮ್ಮಾವ್ರು ಸರ್ಯಾಗ್ ಏಳವ್ರೆ ಕಣ್ರಿ. ಮ್ಯಾಲ್ ಮಾತ್ರ ಸ್ಪ್ರಿಂಗ್ ಇಟ್ರೆ ಸಾಲ್ದು. ಬರೋವಾಗ ಇಡಿಯಾಕೆ ಕೆಳೀಕೂ ಒಂದು ಬೇಕು, ಚಿಕ್ದು." ಹಳೆಯ ಬಸ್ಸಿನ ಸೀಟು ಹರಿದು ಅದರೊಳಗಿನ ಮೆದು ಸ್ಪ್ರಿಂಗುಗಳನ್ನು ಅಚ್ಚಿನ ಕೆಳಗಡೆ ಕೂರಿಸಿದ. ಚಕ್ರ ಏರಿಳಿದಂತೆಲ್ಲ ಚೈನು ಸಡಿಲವಾಗಿ ಕಳಚಿಕೊಳ್ಳುತ್ತಿತ್ತು. ಅದಕ್ಕೆ ಜಾಲಿ ಮರದ ಒಂದು ಪುಟ್ಟ ಉರುಳೆ ಮಾಡಿ ಚೈನನ್ನು ಕೆಳಗಿನಿಂದ ಒತ್ತಿ ನಿಲ್ಲಿಸಿದ.

ಎರಡನೆಯ ಪರೀಕ್ಷೆಗೆ ಅತ್ತೆ ಒಂದು ಕರಾರು ಹಾಕಿದರು. ಸುಮ್ಮಸುಮ್ಮನೆ ಹೊಳೆ ದಂಡೆಯಲ್ಲಿ ತಿರುಗುವುದಿಲ್ಲ. ಕೂತರೆ ಚನ್ನರಾಯಪಟ್ಟಣಕ್ಕೇ, ತವರಿಗೇ ಹೋಗಬೇಕು. ಪುನರ್ವಸು ಮಳೆ ಜಿನುಗುತ್ತಿದ್ದ ಬೆಳಿಗ್ಗೆ ತಾಯಿ ಮಗ ಹೊರಟರು. ಅತ್ತೆಯ ಒಂದು ಕೈಯಲ್ಲಿ ಮಜ್ಜಿಗೆ ತಂಬಿಗೆ, ಇನ್ನೊಂದು ಕೈ ಮಗನ ಸೊಂಟದಲ್ಲಿ. ನನಗೆ ದಿನವಿಡೀ ಊಟ ಸೇರಲಿಲ್ಲ. ರಜೆಯಲ್ಲಿ ಎರಡೇ ದಿನ ಉಳಿದಿತ್ತು. ಸಂಜೆ ಯಜಮಾನರು ಒಬ್ಬರೇ ಬಂದರು. 

"ಅತ್ತೆ ಎಲ್ಲಿ?"

"ತವರಲ್ಲಿ ಕೂತು ಎಲ್ಲರಿಗೂ ಸ್ಪ್ರಿಂಗಿನ ಪಾಠ ಹೇಳ್ತಾವ್ಳೆ. ಒಂದು ವಾರ ಬರಲ್ವಂತೆ."

"ಮಜ್ಜಿಗೆ?"

ಅವರು ಎರಡು ಬೆರಳು ಜೋಡಿಸಿ ತೋರಿಸಿದರು. "ಇಷ್ಟು ಕಮ್ಮಿಯಾಗಿತ್ತು. ಅದೂ ಚೆಲ್ಲಿದ್ದಲ್ಲ ಅಂತಾಳೆ ಅವ್ವ. ದಾರೀಲಿ ಬಾಯಾರಿತ್ತಂತೆ."

 ವೀರಾಚಾರಿ ಫಟಫಟಿಯ ಹಿಂಭಾಗವನ್ನು ಅಂಗೈಯಿಂದ ಎರಡು ಸಲ ಅದುಮಿ ಬಿಟ್ಟು, ಅದು ಮೆಲ್ಲಗೆ ಇಳಿದು ಮೆಲ್ಲಗೆ ಏಳುವುದನ್ನು ನೋಡುತ್ತ ನಿಂತಿದ್ದ. ತೊಟ್ಟಿಲಿನ ಮಗುವನ್ನು ನೋಡುವ ಮುಖವೇ ಅದು.

ನಾವು ಅರಕಲಗೂಡಿಗೆ ಮರಳಿ ಎಂಟು ದಿನವಾಗಿರಬಹುದು, ಪುಷ್ಯ ಮಳೆ ಸುರಿದು ನಿಂತಿತ್ತು. ಬೆಳಗಿನ ಹತ್ತು ಗಂಟೆಗೆ ಕೆಂಚಮ್ಮನ ಅಳಿಯ ಆಸ್ಪತ್ರೆಗೆ ಓಡೋಡಿ ಬಂದ. ಮಲ್ಲಿಪಟ್ಟಣದ ತನಕ ಸೈಕಲ್ಲು ತುಳಿದು, ಅಲ್ಲಿಂದ ಬಸ್ಸು ಹಿಡಿದಿದ್ದ. "ನಮ್ಮತ್ತೆ ಕಳಿಸ್ತು ಸಾ... ಅವ್ವಾರೆ," ಎಂದು ತೊದಲಿದ. "ನನ್ ಎಂಡ್ರಿಗೆ ಬೇನೆ. ಕೂಸು ಕಾಲ್ ಮುಂದ್ ಮಾಡ್ಕಂಡದೆ. ಬ್ಯಾಗ ಬರ್ಬೇಕಂತೆ."

ಕೆಂಚಮ್ಮ ನನ್ನನ್ನು ಕರೆಸುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಆಸ್ಪತ್ರೆಯ ಜವಾನ ಮಂಡಿಗೆ ಓಡಿ ಯಜಮಾನರಿಗೆ ಸುದ್ದಿ ಮುಟ್ಟಿಸಿದ. ನಾನು ಪೆಟ್ಟಿಗೆ ಸಿದ್ಧಮಾಡಿಕೊಳ್ಳುವಷ್ಟರಲ್ಲಿ ಹೊರಗೆ ಫಟಫಟಿಯ ಸದ್ದು ಕೇಳಿಸಿತು. ಅಳಿಯ ಬಸ್ಸಿನಲ್ಲಿ ಹಿಂದೆ ಬರಲೆಂದು ಬಿಟ್ಟು ನಾವಿಬ್ಬರೂ ಹೊರಟೆವು. ಅದೇ ರಸ್ತೆ, ಅದೇ ಕಲ್ಲು, ಅದೇ ಗಾಡಿ ಜಾಡು. ಕೆಳಗೆ ಚಕ್ರ ತನ್ನ ಪಾಡಿಗೆ ಏಳುತ್ತ ಬೀಳುತ್ತ ಓಡುತ್ತಿತ್ತು. ನಾನು ದೋಣಿಯಲ್ಲಿ ಕೂತವಳಂತೆ ತುಸು ತೂಗಾಡುತ್ತಿದ್ದೆ, ಅಷ್ಟೆ. ಅರ್ಧ ದಾರಿಯಲ್ಲಿ ಕ್ಯಾರಿಯರನ್ನು ಹಿಡಿದಿದ್ದ ಕೈ ಬಿಟ್ಟೆ.

ಕೋಣೆಯೊಳಗೆ ಹೋದಾಗ ಕೆಂಚಮ್ಮ ಮಗಳ ಕಾಲ ಬಳಿ ಕೂತಿದ್ದಳು. ನನ್ನನ್ನು ಕಂಡು ಎರಡು ಕೈಯನ್ನೂ ಮುಂದೆ ಚಾಚಿದಳು. ಅವು ಗಡಗಡ ನಡುಗುತ್ತಿದ್ದವು.

"ಊರ್ ಮಕ್ಕಳನ್ನೆಲ್ಲ ಎತ್ತಿದ್ ಕೈ ಕಣವ್ವ. ಇವತ್ತು ನನ್ ಮಾತೇ ಕೇಳ್ತಿಲ್ಲ. ನನ್ ಮಗಳಲ್ವಾ..."

ಅವಳ ಕಣ್ಣಲ್ಲಿ ನೀರು ನೋಡಿದ್ದು ಅದೇ ಮೊದಲು, ಅದೇ ಕೊನೆ. "ನೀವು ತಲೆದೆಸೆಗೆ ಕೂತ್ಕೊಳಿ ಕೆಂಚಮ್ಮ. ಅವಳ ಕೈ ಹಿಡ್ಕೊಂಡು ಮಾತಾಡ್ತಿರಿ. ಯಾವಾಗ ಉಸಿರು ಬಿಗಿಹಿಡಿದು ಮುಕ್ಕಬೇಕು ಅಂತ ನೀವು ಹೇಳಿ, ನಿಮಗೆ ಗೊತ್ತಾದಷ್ಟು ನನಗೆ ಗೊತ್ತಾಗಲ್ಲ," ಎಂದೆ. ಅದು ಸಮಾಧಾನಕ್ಕೆ ಹೇಳಿದ ಮಾತಾಗಿರಲಿಲ್ಲ, ನಿಜವಾಗಿತ್ತು.

ಕಾಲು ಬಂತು, ಸೊಂಟ ಬಂತು, ಒಂದು ತೋಳು ಸಿಕ್ಕಿಕೊಂಡಿತು. ಎರಡು ಬೆರಳು ಒಳಗಿಟ್ಟು ಆ ತೋಳನ್ನು ಮಗುವಿನ ಮುಖದ ಮೇಲಿಂದ ಜಾರಿಸಿ ತೆಗೆಯಬೇಕು. ಅವಸರ ಮಾಡಿದರೆ ಎಲುಬು ಮುರಿಯುತ್ತದೆ, ತಡಮಾಡಿದರೆ ಉಸಿರು ನಿಲ್ಲುತ್ತದೆ. ನನ್ನ ಕೈ ಒಂದಿಷ್ಟೂ ಅಲುಗಲಿಲ್ಲ. ತೋಳು ಬಂತು. "ಈಗ ಮುಕ್ಕು ಕಣ್ ಮಗಾ, ಈಗ!" ಎಂದು ಕೆಂಚಮ್ಮ ಕೂಗಿದಳು. ತಲೆಯೂ ಬಂತು. ಮಗು ನೀಲಿಗಟ್ಟಿತ್ತು. ಬಾಯಿ ಒರೆಸಿ ಬೆನ್ನು ತಿಕ್ಕಿದೆ.  ಕೊನೆಗೆ ಅದು ಒಮ್ಮೆ ಉಸಿರೆಳೆದುಕೊಂಡು, ಊರಿಗೆಲ್ಲ ಕೇಳುವಂತೆ ಕಿರುಚಿತು. ಹೆಣ್ಣು ಮಗು. ಕೆಂಚಮ್ಮ ಮೊಮ್ಮಗಳನ್ನು ಎತ್ತಿಕೊಂಡು ನನ್ನ ಕೆನ್ನೆ ಸವರಿ ನೆಟಿಕೆ ಮುರಿದಳು. 

ಎಲ್ಲ ಶುಚಿ ಮಾಡಿ, ಬೆಲ್ಲದ ಕಾಫಿ ಕುಡಿದು ಹೊರಗೆ ಬರುವಾಗ ಮಧ್ಯಾಹ್ನ ಮೂರು ದಾಟಿತ್ತು. ಅಂಗಳದಲ್ಲಿ ಊರಿನ ಗಂಡಸರೆಲ್ಲ ಸೇರಿದ್ದರು. ನಡುವೆ ಫಟಫಟಿ, ಅದರ ಪಕ್ಕ ತಲೆ ತಗ್ಗಿಸಿ ನಿಂತ ನಮ್ಮ ಯಜಮಾನರು. ನಡೆದದ್ದು ಇಷ್ಟು. ಕಾಯುತ್ತ ಕೂತವರಿಗೆ ಹೊತ್ತು ಹೋಗದೆ, ಇವರು ಸ್ಪ್ರಿಂಗಿನ ಮಹಿಮೆ ಹೇಳತೊಡಗಿದ್ದರು. ಪಟೇಲರು ಒಮ್ಮೆ ಕೂತು ಕುಪ್ಪಳಿಸಿ ನೋಡಿದರು. ಪಟೇಲರು ಕೂತ ಮೇಲೆ ಮಿಕ್ಕವರು ಬಿಡುತ್ತಾರೆಯೇ? ಒಬ್ಬೊಬ್ಬರಾಗಿ ಇಡೀ ಊರೇ ಕೂತು ಕುಪ್ಪಳಿಸಿತ್ತು. ಕೊನೆಗೆ ಇಬ್ಬರು ಜಟ್ಟಿಗಳು ಒಟ್ಟಿಗೆ ಕೂತಾಗ ಕೆಳಗಿನ ಬಸ್ಸು ಸೀಟಿನ ಸ್ಪ್ರಿಂಗುಗಳು ಪಟಾರನೆ ಮುರಿದು, ಜಾಲಿ ಉರುಳೆ ಹಾರಿ, ಚೈನು ತುಂಡಾಗಿತ್ತು.

"ನಾನು ಬೇಡಾಂದೆ ಕಣೇ," ಎಂದರು.

"ಎಲ್ಲಿ ಬ್ಯಾಡ ಅಂದ್ರಿ ಸ್ವಾಮಿ? ಜೋರಾಗ್ ಕುಪ್ಪಳ್ಸಿ ಅಂದ್ರಿ!" ಎಂದ ಒಬ್ಬ ಜಟ್ಟಿ.

ಮುಂದೆ ವೀರಾಚಾರಿ ಗಟ್ಟಿ ಸ್ಪ್ರಿಂಗು ಹಾಕಿಕೊಟ್ಟ, ಆ ಫಟಫಟಿ ನನ್ನನ್ನು ನೂರಾರು ಮನೆಗಳಿಗೆ ಹೊತ್ತು ತಿರುಗಿತು. ಆ ದಿನ ಮಾತ್ರ ಕೆಂಚಮ್ಮನ ಅಳಿಯ ಬಸ್ಸಿಳಿದು ಬಂದು, ಮಗಳ ಮುಖ ನೋಡಿ, ಎತ್ತಿನ ಗಾಡಿ ಹೂಡಿದ. ಒಳಗೆ ಹುಲ್ಲು ಹಾಸಿ ಫಟಫಟಿಯನ್ನು ಅಡ್ಡ ಮಲಗಿಸಿ ಹಗ್ಗ ಬಿಗಿದರು. ಅದರ ಪಕ್ಕದ ಜಾಗದಲ್ಲಿ ನಾನು ಕಾಲು ಚಾಚಿದೆ. ಗಾಡಿ ಗಡಗಡನೆ ಹೊರಟಿತು. ಪ್ರತಿ ಕಲ್ಲಿಗೂ ಎತ್ತಿ ಕುಕ್ಕುತ್ತಿತ್ತು. ಮಲ್ಲಿಪಟ್ಟಣ ದಾಟುವುದರೊಳಗೆ ನನಗೆ ಸೊಂಪಾದ ನಿದ್ದೆ.

ಅರಕಲಗೂಡಿನ ನಮ್ಮ ಮನೆ ಮುಂದೆ ಗಾಡಿ ನಿಂತಾಗಲೂ ಎಚ್ಚರವಾಗಲಿಲ್ಲವಂತೆ. ತವರಿನಿಂದ ಆ ದಿನವೇ ಮರಳಿದ್ದ ಅತ್ತೆ ಬಾಗಿಲಿಗೆ ಬಂದರಂತೆ. ಹುಲ್ಲಿನ ಮೇಲೆ ಮಲಗಿದ್ದ ಫಟಫಟಿಯನ್ನು ನೋಡಿದರು, ಅದರ ಪಕ್ಕದಲ್ಲಿ ಬಾಯ್ತೆರೆದು ಮಲಗಿದ್ದ ನನ್ನನ್ನು ನೋಡಿದರು. ಆಮೇಲೆ ಮಗನ ಕಡೆ ತಿರುಗಿ ಕೇಳಿದರಂತೆ:

"ಇವೆರಡ್ರಲ್ಲಿ ಹೆರಿಗೆ ಆಗಿರೋದು ಯಾವುದಕ್ಕಪ್ಪ?"